ತಡೆದು ನಿಲ್ಲಿಸಿದ ನೀರು

ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಮಣ್ಣಿನ ಸೀಮೆಯಲ್ಲಿ ಬಾವಿ ತೋಡಿದರೆ ಹೆಚ್ಚಾಗಿ ಬರುವುದು ಸವಳು ನೀರು. ಬಾಯಿಗೆ ಉಪ್ಪು, ಅದರಲ್ಲಿ ಬೇಳೆಯೂ ಸರಿಯಾಗಿ ಬೇಯುವುದಿಲ್ಲ. ಹಾಗಾಗಿ ಇಲ್ಲಿ ಊರಿನ ಜೀವ ಇರುವುದು ಕೆರೆಯಲ್ಲಿ. ನವಲಗುಂದದ ನೀಲಮ್ಮನ ಕೆರೆಯನ್ನು ನೆನೆಯದೆ ಆ ಊರಿನ ಕುಡಿಯುವ ನೀರಿನ ಮಾತು ಮುಗಿಯದು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ಹರಿಸಿದ ಮೇಲೂ ಈ ಭಾಗದ ಹಲವೆಡೆ ಕಾಲುವೆಯ ನೀರು ಕೆರೆ ತುಂಬಿ, ಆಮೇಲೆ ಮನೆ ಸೇರುತ್ತದೆ.

‘ಕೆರೆ’ ಎಂಬ ಎರಡೇ ಅಕ್ಷರದ ಈ ಮಾತನ್ನು ಹಳಗನ್ನಡದವರು ‘ಕೆಱೆ’ ಎಂದು ಬರೆದರು. ತೆಲುಗರಿಗೆ ಅದು ‘ಚೆರುವು’, ಮಲಯಾಳಿಗಳಿಗೆ ‘ಚಿರ’. ನಮ್ಮ ಕಿವಿ ತೆಲುಗಿನಲ್ಲಿ ‘ಚೆವಿ’ ಆದ ಹಾಗೆಯೇ ಇದೂ. ಮೊದಲಿನ ಕಕಾರ ಅವರಲ್ಲಿ ಮೆತ್ತಗಾಯಿತು, ಕನ್ನಡ ಅದನ್ನು ಬಿಡಲಿಲ್ಲ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆಯೇ; ನಮಗೆ ಅದು ಕೆರೆಯ ಒಡ್ಡು. ಆದರೆ ನನ್ನನ್ನು ಬಹಳ ಕಾಡಿದ್ದು ತಮಿಳಿನ ‘ಸಿಱೈ’. ಕಟ್ಟೆ, ಕೆರೆ ಎಂಬ ಅರ್ಥಗಳ ಜೊತೆಗೇ ಅದಕ್ಕೆ ತಡೆ, ಬಂಧನ, ಸೆರೆಮನೆ ಎಂಬ ಅರ್ಥಗಳೂ ಇವೆ. ನಮ್ಮ ‘ಸೆರೆ’ಯೂ ಅದೇ ಬಳಗದ್ದು.

ನೀರನ್ನು ಸೆರೆ ಹಿಡಿಯುವುದು ಕ್ರೌರ್ಯದಂತೆ ಕೇಳಿಸಬಹುದು. ಈ ಸೀಮೆಯ ಬೆಣ್ಣಿಹಳ್ಳ ನೋಡಿದವರಿಗೆ ಹಾಗನಿಸದು. ಮಳೆಗಾಲದಲ್ಲಿ ಅದು ಉಕ್ಕಿ ಬಂದು, ಹೊಲದ ಮಣ್ಣನ್ನೂ ಎಳೆದುಕೊಂಡು ಮಲಪ್ರಭೆಗೆ ಹೋಗಿಬಿಡುತ್ತದೆ. ಬೇಸಿಗೆಯಲ್ಲಿ ಬಾಯಾರಿದವರ ಪಾಲಿಗೆ ಅದು ಇಲ್ಲ. ನಿಲ್ಲಿಸಿದ ನೀರಷ್ಟೇ ನಾಳೆಗೆ ಉಳಿಯುತ್ತದೆ.

ನಿಲ್ಲಿಸುವವರೂ ಕಟ್ಟುಪಾಡಿಗೆ ಒಳಪಡಬೇಕು ಎಂಬುದನ್ನು ಹಿರಿಯರು ಬಲ್ಲರು. ಕುಡಿಯುವ ನೀರಿನ ಕೆರೆಗೆ ಚಪ್ಪಲಿ ಬಿಟ್ಟೇ ಇಳಿಯಬೇಕು. ದನಗಳ ಮೈ ತೊಳೆಯಬಾರದು, ಬಟ್ಟೆ ಒಗೆಯಬಾರದು. ಚಪ್ಪಲಿ ಮೆಟ್ಟಿ ಪಾವಟಿಗೆ ಇಳಿದ ಹುಡುಗನಿಗೆ ಮೇಲಿನಿಂದಲೇ ಒಬ್ಬ ಅಜ್ಜಿ, “ಏ ತಮ್ಮಾ, ಚಪ್ಲಿ ಬಿಟ್ಟ ಇಳಿಯೋ, ಕುಡಿಯೋ ನೀರದು!” ಎಂದು ಗದರುತ್ತಾಳೆ. ಅವನು ಯಾರ ಮಗ ಎಂದು ಆಕೆ ಕೇಳುವುದಿಲ್ಲ. ಅವನೂ ಎದುರಾಡುವುದಿಲ್ಲ.

ಮನೆಗೆ ನಲ್ಲಿ ಬಂದದ್ದು ಒಳ್ಳೆಯದೇ. ಕೊಡ ಹೊತ್ತು ಸೊಂಟ ಸವೆಸಿಕೊಂಡ ಹೆಣ್ಣುಮಕ್ಕಳಿಗೆ ಅಷ್ಟಾದರೂ ಬಿಡುವು ಸಿಗಬೇಕಿತ್ತು. ಆದರೆ ದಂಡೆಗೆ ಹೋಗುವವರು ಕಡಿಮೆಯಾದಂತೆ ಗದರುವವರೂ ಕಡಿಮೆಯಾದರು. ಒಡ್ಡಿನ ಮೇಲೆ ಜಾಲಿ ಬೆಳೆದರೂ, ಚರಂಡಿ ಕೆರೆಯತ್ತ ತಿರುಗಿದರೂ ಅದು ಪಂಚಾಯಿತಿಯವರ ಕೆಲಸ ಎಂದು ಊರು ಸುಮ್ಮನಿರುವುದನ್ನು ನಾನು ಒಪ್ಪಲಾರೆ. ನಲ್ಲಿಯಲ್ಲಿ ಬರುವುದೂ ಅದೇ ಕೆರೆಯ ನೀರು.