ಬಣ್ಣದ ಕೆಳಗಿನ ನಂಬರು

1928ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಸಾಂಡರ್ಸ್ ಮೇಲೆ ಭಗತ್ ಸಿಂಗರು ಗುಂಡು ಹಾರಿಸಿದ ಕೋಲ್ಟ್ ಪಿಸ್ತೂಲು, ಎಷ್ಟೋ ವರ್ಷ ಇಂದೋರಿನ ಬಿಎಸ್‌ಎಫ್ ಮ್ಯೂಸಿಯಮ್ಮಿನಲ್ಲಿ ಹತ್ತರ ಜೊತೆ ಹನ್ನೊಂದಾಗಿ ಕೂತಿತ್ತು. ತುಕ್ಕು ಹಿಡಿಯಬಾರದು ಅಂತ ಅದಕ್ಕೆ ಕಪ್ಪು ಬಣ್ಣ ಬಳಿದಿದ್ದರು. 2016ರ ಸುಮಾರಿಗೆ ಬಣ್ಣ ತೆಗೆದು ನೋಡಿದಾಗ ನಂಬರು ಸಿಕ್ತು: 168896. ಕೋರ್ಟಿನ ಹಳೇ ದಾಖಲೆಗೆ ತಾಳೆಯಾಯ್ತು. ಬಣ್ಣ ಬಳಿದವರ ಉದ್ದೇಶ ಕೆಟ್ಟದ್ದೇನಲ್ಲ. ಕಾಪಾಡೋಕೆ ಹೋಗಿ, ಅದು ಯಾವ ಪಿಸ್ತೂಲು ಅನ್ನೋದನ್ನೇ ಮುಚ್ಚಿಬಿಟ್ಟಿದ್ದರು.

ಹಳೇ ಪಿಸ್ತೂಲನ್ನು ಹೊಸದು ಮಾಡೋ ವಿಡಿಯೋ ನೋಡೋದು ನನ್ನ ಚಟ. (ಬಿಲ್ಡ್ ಓಡ್ತಿರುವಾಗ ಇನ್ನೇನು ಮಾಡೋದು?) ಉಕ್ಕಿನ ಆ ಕಡುನೀಲಿ ಪೇಂಟ್ ಅಲ್ಲ, ತುಕ್ಕೇ. ಹಳೇ ಪದ್ಧತಿಯಲ್ಲಿ ಉಕ್ಕಿಗೆ ಬೇಕಂತಲೇ ಕೆಂಪು ತುಕ್ಕು ಹಿಡಿಸಿ ಕುದಿಯೋ ನೀರಿಗೆ ಹಾಕ್ತಾರೆ. ಕೆಂಪು ಹೋಗಿ ಕಪ್ಪಾಗುತ್ತೆ. ಮೇಲಿನ ಪುಡಿ ಉಜ್ಜಿ ತೆಗೆದು ಮತ್ತೆ ಅದೇ ಕೆಲಸ, ಹಲವು ಸಲ. ತಿನ್ನೋ ತುಕ್ಕೇ ಕೊನೆಗೆ ಕಾವಲಿಗೆ ನಿಲ್ಲುತ್ತೆ. ಹಿಡಿಯ ಮರದಲ್ಲಿ ತಗ್ಗು ಬಿದ್ದಿದ್ದರೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದರಾಯ್ತು, ನಾರು ಉಬ್ಬಿ ಮೇಲೆ ಬರುತ್ತೆ. ಆಮೇಲೆ ಅಗಸೆ ಎಣ್ಣೆ.

ನನ್ನ ತಕರಾರು ಅದಕ್ಕೂ ಮುಂಚಿನ ಹಂತದ್ದು. ಎಮರಿ ಪೇಪರ್ ಹಾಕಿ ತಿಕ್ಕಿದಾಗ ಗೀರಿನ ಜೊತೆ ಕಂಪನಿಯ ಮುದ್ರೆಯೂ ಸವೆಯುತ್ತೆ. ಕೋಡ್ ಕ್ಲೀನ್ ಮಾಡ್ತೀನಿ ಅಂತ ಗಿಟ್ ಹಿಸ್ಟರಿ ಅಳಿಸಿ ಫೋರ್ಸ್ ಪುಶ್ ಮಾಡಿದ ಹಾಗೆ. ಸೀರಿಯಲ್ ನಂಬರ್ ಅಳಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ಗೀರುಗಳಿಗೆ ಅಂಥ ಕಾಯ್ದೆ ಇಲ್ಲ. ಹಾಗಂತ ಸುಮ್ಮನೆ ಬಿಟ್ಟರೂ ಉಳಿಯಲ್ಲ, ತುಕ್ಕು ನಂಬರನ್ನೂ ತಿನ್ನುತ್ತೆ. ಏನನ್ನು ಉಳಿಸಬೇಕು ಅಂತ ಯಾರಾದರೂ ತೀರ್ಮಾನ ಮಾಡಲೇಬೇಕು.

ಹೊಲಿಗೆ ಮಿಷಿನ್ ಆಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ತಿರಲಿಲ್ಲ. ಇದು ಜೀವ ತೆಗೆಯೋ ವಸ್ತು. ಇದರ ಮೈ ನುಣುಪು ಮಾಡಿದರೆ, ಇದು ಏನು ಮಾಡಿತು ಅನ್ನೋ ಪ್ರಶ್ನೆಯೂ ನುಣುಪಾಗಿಬಿಡುತ್ತೆ.

ನಮ್ಮ ಮನೇಲೂ ಒಂದಿದೆ. ಪಿಸ್ತೂಲಲ್ಲ, ಗದ್ದೆಗೆ ಬರೋ ಹಂದಿ ಓಡಿಸೋಕೆ ಅಜ್ಜ ಇಟ್ಟುಕೊಂಡಿದ್ದ ಕೇಪಿನ ಕೋವಿ. ಲೈಸೆನ್ಸು ಈಗ ಅಪ್ಪನ ಹೆಸರಲ್ಲಿದೆ. ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಒಪ್ಪಿಸಿ ಬರ್ತಾರೆ. ನಾನು ಹುಟ್ಟೋ ಮುಂಚೆ ಒಂದು ರಾತ್ರಿ ಅಜ್ಜ ಹಂದಿ ಅಂತ ಹೊಡೆದದ್ದು ನಮ್ಮದೇ ಗಬ್ಬದ ಹಸುವಿಗೆ. ಬೆಳಗ್ಗೆ ಕೋವಿಯನ್ನು ಅಂಗಳದ ಕಲ್ಲಿಗೆ ಬಡಿದರಂತೆ, ಮರ ಸೀಳಿತು. ಆಮೇಲೆ ತಾವೇ ತಾಮ್ರದ ತಂತಿ ಸುತ್ತಿದರು.

ಚಿಕ್ಕಪ್ಪನ ಮಗ ಹೋಮ್‌ಸ್ಟೇ ಶುರು ಮಾಡಿದ್ದಾನೆ. ಸೀಳು ತುಂಬಿಸಿ, ಪಾಲಿಶ್ ಮಾಡಿಸಿ, ಹಾಲ್‌ನಲ್ಲಿ ನೇತು ಹಾಕೋ ಆಸೆ ಅವನಿಗೆ.

"ತಂತಿ ಹಾಗೇ ಇರ್ಲಿ," ಅಂದೆ.

"ಗೆಸ್ಟ್ ಕೇಳಿದ್ರೆ ಏನ್ ಹೇಳ್ಲಿ ಅಣ್ಣಾ?"

"ಹಸು ವಿಷಯ ಹೇಳು."

"ಊಟಕ್ಕೆ ಕೂತೋರ ಎದುರಿಗಾ?"

ಈಗ ಗೋಡೆಗೆ ಹಳೇ ಗಾಡಿಚಕ್ರ ಹುಡುಕ್ತಿದ್ದಾನೆ.