ಬುದ್ಧನ ಬೆನ್ನಿಗೆ ನರಸಿಂಹ

ಚೀನಾದ ಆಗ್ನೇಯ ಕರಾವಳಿಯ ಚ್ವಾನ್‌ಜೌ ನಗರದಲ್ಲಿ ಲೀಚೆಂಗ್ ಎಂಬ ಹಳೆಯ ಪೇಟೆಯಿದೆ. ಕೆಂಪಿಟ್ಟಿಗೆಯ ನಡುನಡುವೆ ಕಲ್ಲಿನ ತುಂಡುಗಳನ್ನು ಕೂರಿಸಿ ಎಬ್ಬಿಸಿದ ಗೋಡೆಗಳನ್ನು ಸವರುತ್ತ, ಊದುಬತ್ತಿಯ ಹೊಗೆಯ ಎಳೆ ಹಿಡಿದು ಸಾಗಿದರೆ ಸಿಗುವುದು ಕೈಯುವಾನ್ ದೇವಾಲಯ, 686ರಲ್ಲಿ ಹಿಪ್ಪುನೇರಳೆ ತೋಟವೊಂದರಲ್ಲಿ ತಲೆಯೆತ್ತಿದ್ದು. ಮರದಲ್ಲಿ ಬಿಳಿದಾವರೆ ಅರಳಿತಂತೆ, ಅದನ್ನು ಕಂಡ ತೋಟದೊಡೆಯ ನೆಲವನ್ನೇ ಬುದ್ಧನಿಗೆ ಬಿಟ್ಟುಕೊಟ್ಟನಂತೆ. ಅದೇ ಮರವೆಂದು ತೋರಿಸುವ ಮುದಿ ಹಿಪ್ಪುನೇರಳೆ ಇನ್ನೂ ಚಿಗುರುತ್ತಿದೆ.

ಮಹಾಮಂದಿರದೊಳಗೆ ರೆಕ್ಕೆ ಬಿಚ್ಚಿದ 24 ಗಂಧರ್ವಕನ್ಯೆಯರು ಕಂಬಗಳ ನೆತ್ತಿಯಲ್ಲಿ ಸೂರು ಹೊತ್ತಿದ್ದಾರೆ. ಆದರೂ ಮನಸ್ಸು ಹೋಗಿ ನಿಲ್ಲುವುದು ಮಂದಿರದ ಹಿಂಬದಿಯ ಜಗಲಿಯಲ್ಲಿ, ಎರಡೇ ಎರಡು ಕಲ್ಲುಕಂಬಗಳ ಮುಂದೆ. ಅಲ್ಲಿ, ಅಂಗೈಯಗಲದ ಲೋಕಗಳಂಥ ವೃತ್ತಗಳೊಳಗೆ, ನರಸಿಂಹ ಹಿರಣ್ಯಕಶಿಪುವಿನ ಒಡಲು ಬಗೆಯುತ್ತಿದ್ದಾನೆ, ಕೃಷ್ಣ ಜೋಡಿ ಮತ್ತಿಮರಗಳನ್ನು ಕೆಡವುತ್ತಿದ್ದಾನೆ, ಮೊಸಳೆಯ ಬಾಯಿಗೆ ಸಿಕ್ಕ ಗಜೇಂದ್ರನ ಮೊರೆಗೆ ಹರಿ ಬಂದಿದ್ದಾನೆ. ಅಜ್ಜಿಯ ತೊಡೆಯ ಮೇಲೆ ಕೇಳಿದ ಕಥೆಗಳು ಇಷ್ಟು ದೂರ ಈಜಿ ಬಂದವೇ ಎಂದು ಎದೆ ತುಂಬುತ್ತದೆ.

ತಂದವರು ತಮಿಳು ವರ್ತಕರು. 1281ರ ತಮಿಳು ಶಾಸನವೊಂದು, ಚೀನೀ ಲಿಪಿಯ ಸಾಲೊಂದನ್ನೂ ಕೂಡಿಸಿಕೊಂಡು, ಕುಬ್ಲಾಯಿ ಖಾನನ ಕ್ಷೇಮಕ್ಕಾಗಿ ಈ ಊರಲ್ಲಿ ಶಿವನನ್ನು ಪ್ರತಿಷ್ಠಾಪಿಸಿದ್ದನ್ನು ಹೇಳುತ್ತದೆ. ಆಗ ಊರಿನ ಹೆಸರು ಕಡಲ ಮೇಲೆ ಝೈತೂನ್. ಅರಬರ, ಪಾರಸಿಕರ ಹಡಗುಗಳು ಇಲ್ಲಿಗೇ ಬರುತ್ತಿದ್ದವು, 1009ರಲ್ಲಿ ಕಟ್ಟಿದ ಮಸೀದಿಯೂ ಇಲ್ಲೇ ಇದೆ. ಬೀದಿಬೀದಿಗಳಲ್ಲಿ ಕೆಂಪು ಹೂವಿನ ಹಾಲುವಾಣದ ಮರಗಳು, ನಮ್ಮ ಮಲೆನಾಡಿನ ತೋಟಗಳಲ್ಲಿ ಮೆಣಸಿನ ಬಳ್ಳಿಗೆ ಮೈಯೊಡ್ಡುವ ಅದೇ ಹಾಲುವಾಣ. ಬಂದರಿನ ಕೆಸರಿನಿಂದ 1974ರಲ್ಲಿ ಹೊರತೆಗೆದ ಹದಿಮೂರನೆಯ ಶತಮಾನದ ಹಡಗಿನಲ್ಲಿ ಸುಗಂಧದ ಕಟ್ಟಿಗೆಯೊಂದಿಗೆ ಮೆಣಸಿನ ಕಾಳುಗಳೂ ಇದ್ದವು. ಆ ಹಡಗಿನ ಒಡಲು ಈಗ ಈ ದೇವಾಲಯದ ಆವರಣದಲ್ಲೇ ವಿಶ್ರಮಿಸಿದೆ.

ಶಿವನ ಗುಡಿ ಎಂದೋ ಬಿದ್ದುಹೋಯಿತು. ಮಿಂಗ್ ಅರಸರ ಕಾಲದಲ್ಲಿ ಬುದ್ಧನ ಮಂದಿರವನ್ನು ದುರಸ್ತಿ ಮಾಡುವಾಗ ಈ ಕಂಬಗಳನ್ನು ತಂದು ನಿಲ್ಲಿಸಿದರು. ಅವರಿಗೆ ಬೇಕಿದ್ದುದು ಗಟ್ಟಿ ಕಲ್ಲಷ್ಟೇ ಇರಬಹುದು. ಉಳಿಯೆತ್ತಿ ಆ ಮುಖಗಳನ್ನು ಸಪಾಟು ಮಾಡಿಬಿಡುವುದು ಎಷ್ಟು ಹೊತ್ತಿನ ಕೆಲಸ! ಮಾಡಲಿಲ್ಲ. ಯಾವ ದೇವರೆಂದು ಗೊತ್ತಿತ್ತೋ ಇಲ್ಲವೋ, ಇದ್ದ ಹಾಗೆಯೇ ಎತ್ತಿ ನಿಲ್ಲಿಸಿದ ಆ ಕಲ್ಲುಕುಟಿಗರಿಗೆ ನಾನು ನರಸಿಂಹನಿಗೆ ಮುಗಿದಷ್ಟೇ ಭಕ್ತಿಯಿಂದ ಕೈಮುಗಿಯುತ್ತೇನೆ.