ಬಾಗಿಲು ಕಾಯುವವನ ಧರ್ಮ

ಒಬ್ಬನ ತಪ್ಪಿಗಾಗಿ ಅವನ ಊರಿಗೆಲ್ಲ ಬಾಗಿಲು ಮುಚ್ಚುವುದು ನ್ಯಾಯವೆ? ಬಹು ಹಳೆಯದಾದ ಈ ಪ್ರಶ್ನೆಯು ಈಚೆಗೆ ಹೊಸ ವೇಷದಲ್ಲಿ ಎದುರಾಗಿದೆ. 'ಮಾಸ್ಟೊಡಾನ್' ಮುಂತಾದ ಸಂಯುಕ್ತ ಸಾಮಾಜಿಕ ಜಾಲಗಳ ಸರ್ವರುಗಳನ್ನು ನಡೆಯಿಸತಕ್ಕವರು ಅದಕ್ಕೆ ದಿನವೂ ಉತ್ತರ ಹೇಳಬೇಕಾಗಿದೆ. ಅದೂ ಬಹುಮಟ್ಟಿಗೆ ಸಂಬಳವಿಲ್ಲದೆ, ರಾತ್ರಿಯ ಊಟವಾದ ಮೇಲೆ.

ಟ್ವಿಟರಿನಂಥ ಜಾಲವು ಒಬ್ಬನೇ ಯಜಮಾನನ ಒಂದು ದೊಡ್ಡ ಛತ್ರ. ಮಾಸ್ಟೊಡಾನ್ ಹಾಗಲ್ಲ. ೨೦೧೬ರಲ್ಲಿ ಜರ್ಮನಿಯ ಒಬ್ಬ ತರುಣನು ಹೊರತಂದ ಈ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹೂಡಿಕೊಂಡು ನಾಲ್ಕು ಜನಕ್ಕೆ ಇಂಬು ಕೊಡಬಹುದು. ಇಂಥ ಸಾವಿರಾರು ಮನೆಗಳು, ೨೦೧೮ರ ಜನವರಿಯಲ್ಲಿ ಅಂಗೀಕೃತವಾದ 'ಆ್ಯಕ್ಟಿವಿಟಿಪಬ್' ಎಂಬ ಸಮಾನ ನಿಯಮದಂತೆ, ಬೇರೆ ಬೇರೆ ರಾಜ್ಯಗಳ ಟಪ್ಪಾಲು ಕಚೇರಿಗಳ ಹಾಗೆ ಪರಸ್ಪರ ಓಲೆಗಳನ್ನು ಮುಟ್ಟಿಸುತ್ತವೆ. ೨೦೧೯ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ತಡೆಹಿಡಿದುದರಿಂದ ಅಸಮಾಧಾನಗೊಂಡ ಅನೇಕ ಭಾರತೀಯರು ಈ ಕಡೆಗೆ ತಿರುಗಿದರು. ದ್ವಾರಪಾಲಕನೇ ಇಲ್ಲದ ಮನೆಯನ್ನು ಅರಸಿ ಬಂದವರಿಗೆ ಇಲ್ಲಿ ದೊರೆತುದು, ಒಬ್ಬ ದ್ವಾರಪಾಲಕನ ಬದಲಾಗಿ ಸಾವಿರ ಮಂದಿ ದ್ವಾರಪಾಲಕರು.

ಸತ್ಯನಾರಾಯಣಪೇಟೆಯ ಗೃಹಸ್ಥನೊಬ್ಬನು ಇಂಥದೊಂದು ಸರ್ವರನ್ನು ತೆರೆದು, ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಮುನ್ನೂರು ಮಂದಿಯನ್ನು ಸೇರಿಸಿಕೊಂಡನೆಂದು ಭಾವಿಸೋಣ. ಅವನ ಮೊದಲನೆಯ ಸಂಕಟ ನೀತಿಯದಲ್ಲ, ಜಾಗದ್ದು. ಅತಿಥಿಗಳು ದೂರದ ಸರ್ವರುಗಳವರನ್ನು ಹಿಂಬಾಲಿಸಿದಂತೆಲ್ಲ ಅಲ್ಲಿಯ ಬರಹಗಳೂ ಚಿತ್ರಗಳೂ ಪ್ರತಿಯಾಗಿ ಇವನ ಉಗ್ರಾಣಕ್ಕೆ ಬಂದು ಬೀಳುತ್ತವೆ. ಹಳೆಯದನ್ನು ಆಗಾಗ ತೆಗೆದುಹಾಕದಿದ್ದರೆ ಡಿಸ್ಕು ತುಂಬಿ ಕೆಲಸವೇ ನಿಲ್ಲುವುದು. ಹೊರಗೆ ಹೋಗುವ ಓಲೆಗಳಿಗೂ ಸರದಿಯುಂಟು; ೨೦೨೨ರ ಅಕ್ಟೋಬರ್ ಕೊನೆಗೆ ಈಲಾನ್ ಮಸ್ಕರು ಟ್ವಿಟರನ್ನು ಕೊಂಡ ಮೇಲೆ ಜನ ಒಮ್ಮೆಗೇ ನುಗ್ಗಿದಾಗ, ಹಲವು ಸರ್ವರುಗಳಲ್ಲಿ ಈ ಸರದಿ ಬಹಳ ಹಿಂದೆ ಬಿದ್ದಿತು.

ಜಾಗದ ಈ ತೊಡಕಿನಿಂದಲೇ ನೀತಿಯ ತೊಡಕು ಹುಟ್ಟುತ್ತದೆ. ಉಗ್ರಾಣಕ್ಕೆ ಬೀಳುವುದೆಲ್ಲ ಸಾಧುವಾದುದಲ್ಲ. ೨೦೨೩ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ದಿನಗಳ ಸುಮಾರು ೩,೨೫,೦೦೦ ಬರಹಗಳನ್ನು ಶೋಧಿಸಿದಾಗ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ್ದೆಂದು ಮೊದಲೇ ಗುರುತಾಗಿದ್ದ ಚಿತ್ರಗಳು ೧೧೨ ಸಲ ಸಿಕ್ಕಿದುವು. ಅಂಥದೊಂದು ಪ್ರತಿ ತನ್ನಲ್ಲಿ ಬಂದು ಕುಳಿತಿದ್ದರೆ, "ಇದು ಟಪ್ಪಾಲಿನಲ್ಲಿ ಬಂದದ್ದು, ನನ್ನದಲ್ಲ" ಎಂದು ಗೃಹಸ್ಥನು ಕೈತೊಳೆದುಕೊಳ್ಳುವಂತಿಲ್ಲ. ಭಾರತ ಸರಕಾರದ ೨೦೨೧ರ ನಿಯಮಗಳು ದೂರು ಕೇಳುವ ಅಧಿಕಾರಿಯೊಬ್ಬನನ್ನು ಹೆಸರಿಸಬೇಕೆಂದೂ, ಗೊತ್ತಾದ ಅವಧಿಯೊಳಗೆ ದೂರನ್ನು ತೀರ್ಮಾನಿಸಬೇಕೆಂದೂ ವಿಧಿಸುತ್ತವೆ. ಆದರೆ ಕಾನೂನಿನ ಭಯಕ್ಕಿಂತ ಮೊದಲು ಬರುವುದು, ತನ್ನ ಸೂರಿನ ಕೆಳಗೆ ಯಾರಿಗೆ ನೋವಾಗುತ್ತಿದೆಯೆಂಬ ವಿಚಾರ.

ಯಾವುದು ನೋವೆಂಬುದನ್ನು ತಿಳಿಯುವುದೂ ಸುಲಭವಲ್ಲ. ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಬೆರೆತು ಆಡುವ ಮಾತುಗಳು. ಗೆಳೆಯನಿಗೆ ಗೆಳೆಯನು ಹೇಳಿದ "ಲೇ" ಸಲಿಗೆ. ಹಿರಿಯರಿಗೆ ಅಪರಿಚಿತನು ಹೇಳಿದರೆ ತಿರಸ್ಕಾರ. ಜರ್ಮನಿಯಲ್ಲಿ ಕುಳಿತವನಾಗಲಿ, ಪದಗಳ ಪಟ್ಟಿಯನ್ನು ಹಿಡಿದ ಯಂತ್ರವಾಗಲಿ ಇದನ್ನು ಹೇಗೆ ತೂಗಬೇಕು? ಚಿಕ್ಕ ಮನೆಗಳಿಗೆ ಇರುವ ನಿಜವಾದ ಸಮರ್ಥನೆ ಇದೇ: ಅಲ್ಲಿಯ ದ್ವಾರಪಾಲಕನಿಗೆ ಆ ಬೀದಿಯ ಮಾತು ಗೊತ್ತು.

ತನ್ನ ಮನೆಯವನೇ ತಪ್ಪಿದರೆ ಕರೆದು ಹೇಳಬಹುದು. ನೆರೆಯ ಸರ್ವರಿನವನು ತಪ್ಪಿದರೆ? ಅವನೊಬ್ಬನನ್ನೇ ತಡೆಯಬಹುದು, ಅವನ ಸರ್ವರಿನ ಬರಹಗಳನ್ನೆಲ್ಲ ಸಾರ್ವಜನಿಕ ಪುಟಗಳಿಂದ ಮರೆಮಾಡಿ, ಹಿಂಬಾಲಿಸುವವರಿಗೆ ಮಾತ್ರ ಉಳಿಸಬಹುದು, ಇಲ್ಲವೆ ಆ ಸರ್ವರಿನ ಸಂಬಂಧವನ್ನೇ ಕಡಿಯಬಹುದು. ಕೊನೆಯದು ನಿಮಿಷದ ಕೆಲಸ. ಅದಕ್ಕೇ ಅದು ಅಪಾಯಕರ. ಕಡಿದೊಡನೆ ಎರಡು ಕಡೆಯವರ ಹಿಂಬಾಲನೆಗಳೂ ಅಳಿಸಿಹೋಗುತ್ತವೆ. ಮನಸ್ಸು ತಿರುಗಿ ಬಾಗಿಲು ತೆರೆದರೂ ಅವು ತಾವಾಗಿ ಕೂಡಿಕೊಳ್ಳುವುದಿಲ್ಲ. ಮೇಲೆ ತೂಬು ಮುಚ್ಚಿದವನ ಕಣ್ಣಿಗೆ ಕೆಳಗೆ ಒಣಗುವ ಗದ್ದೆ ಬೀಳುವುದಿಲ್ಲವೆಂಬುದನ್ನು ತುಂಗಭದ್ರೆಯ ಕಾಲುವೆಯನ್ನು ನಂಬಿದ ಸಿರುಗುಪ್ಪದ ಒಕ್ಕಲಿಗರಿಗೆ ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಬಾಗಿಲನ್ನು ಎಂದೂ ಮುಚ್ಚಕೂಡದೆನ್ನುವುದೂ ಸಲ್ಲದು. ೨೦೧೯ರಲ್ಲಿ, ದ್ವೇಷದ ಮಾತಿಗೆ ಹೆಸರಾಗಿದ್ದ 'ಗ್ಯಾಬ್' ಎಂಬ ಅಮೆರಿಕದ ಜಾಲವು ಮಾಸ್ಟೊಡಾನ್ ತಂತ್ರಾಂಶವನ್ನೇ ತಳೆದು ಬಂದಾಗ ಬಹುಮಂದಿ ಅದನ್ನು ಹೊಸ್ತಿಲಲ್ಲಿಯೇ ತಡೆದರು. ಅಲ್ಲಿ ಯಜಮಾನನ ನೀತಿಯೇ ಕೆಟ್ಟುದಾಗಿದ್ದುದರಿಂದ ತಡೆದುದು ಯುಕ್ತ. ೨೦೨೪ರ ಫೆಬ್ರವರಿಯ ಸಂಗತಿ ಬೇರೆ: ಕಾಯುವವರಿಲ್ಲದ ಅನೇಕ ಸಣ್ಣ ಸರ್ವರುಗಳಲ್ಲಿ ಪುಂಡರು ಖಾತೆಗಳನ್ನು ತೆರೆದು ಎಲ್ಲೆಡೆಗೂ ಕಸವನ್ನು ಸುರಿದರು. ಆ ಯಜಮಾನರು ದುಷ್ಟರಲ್ಲ, ನಿದ್ದೆಹೋದವರು. ಅಂಥವರ ವಿಷಯದಲ್ಲಿ ತಾತ್ಕಾಲಿಕವಾಗಿ ಮರೆಮಾಡಿ, ಒಂದು ಓಲೆ ಬರೆದು, ಎಚ್ಚರಗೊಳ್ಳುವವರೆಗೆ ಕಾಯುವುದು ಸಾಧ್ಯವಿರುವಾಗ, ಕಡಿದುಹಾಕುವುದು ನ್ಯಾಯವಲ್ಲ, ಸೋಮಾರಿತನ. ಕಡಿಯಲೇಬೇಕಾದರೆ ಕಾರಣವನ್ನು ಬರೆದು ತನ್ನ ಅತಿಥಿಗಳಿಗೆಲ್ಲ ತೋರಿಸಬೇಕು. ಏಕೆಂದರೆ ಅವನು ಕಡಿಯುತ್ತಿರುವುದು ತನ್ನ ಸ್ನೇಹವನ್ನಲ್ಲ, ಅವರದನ್ನು.

"ಇಷ್ಟೆಲ್ಲ ತೊಡಕೇಕೆ? ಸಂಬಳದ ಕಾವಲುಗಾರರಿರುವ ಕಂಪೆನಿಯೇ ಮೇಲಲ್ಲವೆ?" ಎಂಬ ಆಕ್ಷೇಪಣೆ ಉಂಟು. ಬೆಂಗಳೂರಿನಲ್ಲಿ ೨೦೨೦ರಲ್ಲಿ, ಮೊದಲು ಕನ್ನಡದಲ್ಲಿಯೇ ಪ್ರಾರಂಭವಾದ 'ಕೂ' ಅಂಥ ಕಂಪೆನಿಯಾಗಿತ್ತು. ೨೦೨೪ರ ಜುಲೈಯಲ್ಲಿ ಅದು ಮುಚ್ಚಿತು. ಅಲ್ಲಿ ಬರೆಯುತ್ತಿದ್ದವರಿಗೆ, ಅದೇ ಗೆಳೆಯರ ಬಳಗದೊಡನೆ ಹೋಗಿ ಸೇರಲು ಪಕ್ಕದ ಮನೆಯಿರಲಿಲ್ಲ.

ಚಿಕ್ಕ ಮನೆಗಳೂ ಮುಚ್ಚುತ್ತವೆ. ಮಾಸ್ಟೊಡಾನಿನವರ ೨೦೧೯ರ ಒಡಂಬಡಿಕೆಯೊಂದು, ದಿನದಿನವೂ ಪ್ರತಿ ತೆಗೆದಿರಿಸಬೇಕು, ತುರ್ತಿಗೆ ಇನ್ನೊಬ್ಬನ ಕೈಯಲ್ಲಿಯೂ ಕೀಲಿಕೈ ಇರಬೇಕು, ಮುಚ್ಚುವುದಾದರೆ ಮೂರು ತಿಂಗಳ ಮುಂಚೆ ತಿಳಿಸಬೇಕು ಎನ್ನುತ್ತದೆ. ೨೦೨೩ರ ಫೆಬ್ರವರಿಯಲ್ಲಿ 'ಮಾಸ್ಟೊಡಾನ್ ಡಾಟ್ ಲೋಲ್' ಎಂಬ ಸರ್ವರಿನವನು, ಬಾಗಿಲು ಕಾದುದಕ್ಕಾಗಿ ತನ್ನ ಮೇಲೆ ಸುರಿದ ಬೈಗುಳನ್ನು ತಾಳಲಾರದೆ ನಿಲ್ಲಿಸುವೆನೆಂದು ಸಾರಿದನು. ಆದರೂ ಮೇ ತಿಂಗಳವರೆಗೆ ಬಾಗಿಲು ತೆರೆದಿಟ್ಟನು. ಅಷ್ಟರಲ್ಲಿ ಅತಿಥಿಗಳು ತಮ್ಮ ಹಿಂಬಾಲಕರನ್ನು ಬೇರೆ ಸರ್ವರಿಗೆ ಕರೆದೊಯ್ಯಲು ಅವಕಾಶವಿತ್ತು. ಬರಹಗಳನ್ನು ಮಾತ್ರ ಹೊಸ ಮನೆಗೆ ಒಯ್ಯುವ ಸೌಕರ್ಯ ಆ ತಂತ್ರಾಂಶದಲ್ಲಿಲ್ಲ.